ದೇರ್ ಕೆರೆ ಏರಿ ಮೇಲೆ ಗ್ರಾವೆಲ್ ಸೈಕಲ್

ಫ್ರಾನ್ಸಿನ ಶಾಂಪೇನ್ ಕಡೆ ಲಾಕ್ ದ್ಯು ದೇರ್ ಅಂತ ಕೆರೆ ಇದೆ, ತುಂಬಿದ್ರೆ 48 ಚದರ ಕಿ.ಮೀ., ಪ್ಯಾರಿಸ್‌ಗೆ ನೆರೆ ಬರ್ಬಾರ್ದು ಅಂತ ಮಾರ್ನ್ ನದಿ ನೀರು ಹಿಡಿದಿಡೋಕೆ ಮಾಡಿದ್ದು, 1974ರಲ್ಲಿ ಮುಗೀತು. ಅಕ್ಟೋಬರ್ ಕೊನೇಲಿ ಅಲ್ಲಿ ಗ್ರಾವೆಲ್ ಸೈಕಲ್ (ಮಣ್ಣು, ಜಲ್ಲಿ ದಾರೀಲೂ ಓಡೋ ದಪ್ಪ ಟೈರಿನ ಸೈಕಲ್) ಹೊಡೆದೆ. ಹೊಲದ ಮಣ್ಣುದಾರೀಲಿ ಟ್ರಾಕ್ಟರ್ ಚಕ್ರದ ಗುಂಡಿ ತುಂಬ ನೀರು, ಟೈರ್ ಗಾಳಿ ಸ್ವಲ್ಪ ಇಳಿಸಿದ್ಮೇಲೇ ಹಿಡಿತ ಸಿಕ್ಕಿದ್ದು.

ಏರಿ ಮೇಲಂತೂ ಆರಾಮು. ಆದ್ರೆ ಶಾಂಪೋಬೆರ್ ಅನ್ನೋ ಊರಿನ ಚರ್ಚ್ ಹತ್ರ ಇಳಿದವನಿಗೆ ಹೊರಡೋಕೇ ಮನಸ್ಸಾಗ್ಲಿಲ್ಲ. ಈ ಕೆರೆಗೋಸ್ಕರ ಮೂರು ಊರು ಹೋದ್ವು, ಈ ಊರಿನ ಮನೆಗಳೂ ಹೋದ್ವು, ಚರ್ಚು, ಅದರ ಪಕ್ಕದ ಸಮಾಧಿಗಳು ಮಾತ್ರ ನೀರಂಚಲ್ಲಿ ಹಾಗೇ ಇವೆ, ನೋಡಿದ್ರೆ ಕರುಳು ಚುರುಕ್ ಅನ್ನುತ್ತೆ. ಸಂಜೆ ಸಾವಿರಾರು ಕ್ರೇನ್ ಹಕ್ಕಿ ಕೂಗ್ತಾ ಕೂಗ್ತಾ ಕೆಸರಿಗಿಳಿದ್ವು, ಕತ್ತಲಾಗೋವರೆಗೂ ಹ್ಯಾಂಡಲ್ ಹಿಡ್ಕೊಂಡು ನಿಂತೇ ಇದ್ದೆ.