ಆರರಲ್ಲಿ ಒಂದು ಬೋಲ್ಟ್

13 ಜುಲೈ 2024, ಶನಿವಾರ
ಬದಿಯಡ್ಕ

ಬೆಳಗ್ಗೆ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಜೋರು ಮಳೆಯ ಆಟಿ ತಿಂಗಳು ಇನ್ನೇನು ಬಂತು.

ಅಪ್ಪನ ಓಮ್ನಿ ಮೂರು ದಿನದಿಂದ ಗ್ಯಾರೇಜಿನಲ್ಲಿದೆ. ತೋಟದಿಂದ ರಸ್ತೆಗೆ ಹತ್ತುವ ಏರಿನಲ್ಲಿ ಕ್ಲಚ್ ಬಿಟ್ಟರೆ ಇಡೀ ವ್ಯಾನು ಗಡಗಡ ನಡುಗುತ್ತಿತ್ತು. ಅಡಿಕೆ ಚೀಲ ಹೇರಿದ್ದರಂತೂ ಕೇಳುವುದೇ ಬೇಡ. ಕ್ಲಚ್ ಪ್ಲೇಟ್ ಹೋಗಿರಬೇಕು ಅಂದುಕೊಂಡಿದ್ದೆವು. ಕಳೆದ ವರ್ಷವಷ್ಟೇ ಬೇರೆ ಕಡೆ ಹೊಸತು ಹಾಕಿಸಿದ್ದು. ಹಾಗಾಗಿ ಅಪ್ಪನಿಗೆ ತುಂಬ ಬೇಸರ.

ಇವತ್ತು ಗೇರ್ ಬಾಕ್ಸ್ ಇಳಿಸಿದರು. ಮೆಕ್ಯಾನಿಕ್ ಅಣ್ಣ ನನ್ನನ್ನು ಕರೆದು ಟಾರ್ಚ್ ಹಿಡಿದರು.

"ಇಲ್ಲಿ ನೋಡಿ. ಪ್ಲೇಟಿಗೆ ಎಂತದೂ ಆಗ್ಲಿಲ್ಲ. ಬೋಲ್ಟ್ ನೋಡಿ."

ಕ್ಲಚ್ ಪ್ಲೇಟನ್ನು ಒತ್ತುವ ಪ್ರೆಶರ್ ಪ್ಲೇಟಿನ ಕವರನ್ನು ಫ್ಲೈವೀಲಿಗೆ, ಅಂದರೆ ಇಂಜಿನಿನ ಜೊತೆ ತಿರುಗುವ ಭಾರದ ಚಕ್ರಕ್ಕೆ, ಹಿಡಿಸಿದ್ದು ಆರು ಬೋಲ್ಟ್. ಐದರ ತಲೆಯ ಮೇಲೆ 8.8 ಅಂತ ಎದ್ದ ಅಕ್ಷರ ಇತ್ತು. ಆರನೆಯದರ ತಲೆ ನುಣುಪು, ಗುರುತೇ ಇಲ್ಲ. ಬಿಚ್ಚಲು ಸ್ಪ್ಯಾನರ್ ಕೂಡ ಬೇಕಾಗಲಿಲ್ಲ, ಬೆರಳಲ್ಲೇ ತಿರುಗಿತು. ಹೊರಗೆ ತೆಗೆದು ನೋಡಿದರೆ ತಲೆಯ ಕೆಳಗೆ ಕುತ್ತಿಗೆ ಸಣ್ಣಗಾಗಿದೆ. ಎಳೆದು ಹಿಗ್ಗಿದ ಬೋಲ್ಟ್ ಹಾಗೆ ಆಗುವುದು. ಒಂದು ಕಡೆ ಹಿಡಿತ ಇಲ್ಲದೆ ಕವರ್ ಓರೆ ಕೂತಿತ್ತು, ಪ್ಲೇಟನ್ನು ಸಮನಾಗಿ ಒತ್ತುತ್ತಿರಲಿಲ್ಲ. ನಡುಕ ಅಲ್ಲಿಂದ.

ಆ ಅಂಕೆಯ ಲೆಕ್ಕ ನನಗೆ ಗೊತ್ತಿತ್ತು, ಆದರೆ ಕೈಯಲ್ಲಿ ಹಿಡಿದು ನೋಡಿದ್ದು ಇವತ್ತೇ. 8.8ರಲ್ಲಿ ಮೊದಲ 8 ಅಂದರೆ ಒಂದು ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆದರೆ ತುಂಡಾಗುತ್ತದೆ. ಎರಡನೇ 8 ಅಂದರೆ ಅದರ ನೂರಕ್ಕೆ 80ರಷ್ಟು, 640ರ ತನಕ, ಎಳೆದು ಬಿಟ್ಟರೆ ಮೊದಲಿನ ಉದ್ದಕ್ಕೇ ಬರುತ್ತದೆ. ಮಾಮೂಲಿ 4.6 ಬೋಲ್ಟಿಗೆ ಆ ಮಿತಿ 240 ಮಾತ್ರ. ಇಂಥ 8 ಎಂಎಂ ಬೋಲ್ಟನ್ನು 25 ನ್ಯೂಟನ್ ಮೀಟರ್ ತಿರುಗು ಬಲದಲ್ಲಿ ಬಿಗಿದರೆ ಅದು ಸುಮಾರು 1.6 ಟನ್ನಿನಷ್ಟು ಒತ್ತಿ ಹಿಡಿಯುತ್ತದೆ. ಖಾಲಿ ಓಮ್ನಿಯ ಎರಡರಷ್ಟು ತೂಕ! 4.6ರದ್ದು 900 ಕಿಲೋ ಮುಟ್ಟುವ ಮೊದಲೇ ಹಿಗ್ಗಲು ಶುರು. ಆ ಬಡಪಾಯಿ ಬೋಲ್ಟ್ ಬಿಗಿದ ದಿನವೇ ಸೋತಿತ್ತು.

ಇಂಜಿನಿನ ಬಲ ಆ ಬೋಲ್ಟುಗಳ ಮೈಗೆ ತಾಗಿ ದಾಟುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಕವರ್ ನಿಖರವಾಗಿ ನಡುವಿನಲ್ಲಿ ಕೂರಲು ಡವೆಲ್ ಪಿನ್ ಎಂಬ ಸಣ್ಣ ಗೂಟ ಇರುತ್ತದೆ. ಬೋಲ್ಟಿನ ಕೆಲಸ ಒತ್ತಿ ಹಿಡಿಯುವುದು. ಬಿಗಿದ ಬೋಲ್ಟ್ ಅಂದರೆ ಎಳೆದಿಟ್ಟ ಗಟ್ಟಿ ಸ್ಪ್ರಿಂಗ್ ಇದ್ದ ಹಾಗೆ. ಆ ಒತ್ತಡ ಇದ್ದರೆ ಕವರ್ ಮತ್ತು ಫ್ಲೈವೀಲ್ ಜಾರದೆ ಒಟ್ಟಿಗೆ ತಿರುಗುತ್ತವೆ.

ಅಣ್ಣನ ಡಬ್ಬಿಯಲ್ಲಿ ಹಳೇ ಬೋಲ್ಟ್ ರಾಶಿ ಇತ್ತು. ನನಗೆ ಮನಸ್ಸಾಗಲಿಲ್ಲ. ಉಳಿದ ಐದು ಕೂಡ ಒಂದು ವರ್ಷ ಆರನೆಯದರ ಭಾರ ಹೊತ್ತಿವೆ. "ಆರೂ ಹೊಸತು ಹಾಕುವ ಅಣ್ಣ, ನಾನೇ ತರ್ತೇನೆ" ಅಂದೆ. ಅವರು ಒಪ್ಪಿದರು. ಬಸ್ ಹಿಡಿದು ಚೆರ್ಕಳ ದಾಟಿ ಕಾಸರಗೋಡಿಗೆ ಹೋದೆ. ಹೆದ್ದಾರಿ ಕೆಲಸದ ಕೆಸರಿನಲ್ಲಿ ಬಸ್ಸು ಆಮೆಯ ಹಾಗೆ ಹೋಯಿತು.

ಅಂಗಡಿಯ ಕಾಕ "ಎತ್ರ ವೇಣಂ?" (ಎಷ್ಟು ಬೇಕು?) ಅಂತ ಮಲಯಾಳದಲ್ಲಿ ಕೇಳಿ ಮೊದಲು ಸ್ಟೇನ್‌ಲೆಸ್ ಸ್ಟೀಲಿನದ್ದು ತೆಗೆದರು. ಹೊಳೆಯುತ್ತದೆ, ನಮ್ಮ ಮಳೆಗೆ ತುಕ್ಕು ಹಿಡಿಯುವುದಿಲ್ಲ. ಆದರೆ ತಲೆಯ ಮೇಲೆ ಎ2-70. ಅದರ ಮಿತಿ 450, ನಮಗೆ ಸಾಲದು. ಮತ್ತೆ ತಲೆಯಲ್ಲಿ ಆರು ಮೂಲೆಯ ಗುಳಿ ಇರುವ ಕಪ್ಪು ಅಲೆನ್ ಬೋಲ್ಟ್, 12.9. ಗಟ್ಟಿ ಹೌದು. ಆದರೆ ತಲೆ ಎತ್ತರ, ಅಗಲ ಕಮ್ಮಿ. ಕ್ಲಚ್ಚನ್ನು ಮುಚ್ಚುವ ಹೌಸಿಂಗ್ ಒಳಗೆ ಜಾಗ ಇರುವುದೇ ಬೆರಳಷ್ಟು. ಗಟ್ಟಿ ಜಾಸ್ತಿ ಆದರೆ ಒಳ್ಳೇದು ಜಾಸ್ತಿ ಅಂತ ಇಲ್ಲ. ಕಂಪನಿ ಹಾಕಿದ ಗ್ರೇಡೇ ಬೇಕು.

ಕೊನೆಗೆ 8.8ರ ಡಬ್ಬಿ ಬಂತು. ಅದರಲ್ಲೂ ಒಂದು ಬೇರೆ ಇತ್ತು, ತಲೆಯ ಮೇಲೆ ಅಂಕೆ ಇಲ್ಲ, ಮೂರು ಗೆರೆ. ಅದು ಇಂಚಿನ ಬೋಲ್ಟ್, 5/16. ದಪ್ಪ 7.94 ಎಂಎಂ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಥ್ರೆಡ್, ಅಂದರೆ ಸುರುಳಿ ಹಲ್ಲು, ಮಾತ್ರ ಬೇರೆ. ಅದರಲ್ಲಿ ಇಂಚಿಗೆ 18, ಅಂದರೆ 1.41 ಎಂಎಂಗೊಂದು. ನಮ್ಮದು 1.25. ಎರಡು ಸುತ್ತು ಚಂದ ಹೋಗಿ ಆಮೇಲೆ ಬಿಗಿಯುತ್ತದೆ. ಹಟ ಹಿಡಿದು ತಿರುಗಿಸಿದರೆ ಫ್ಲೈವೀಲಿನ ಥ್ರೆಡ್ಡೇ ಹಾಳು. ಎರಡು ಬೋಲ್ಟ್ ಹಲ್ಲಿಗೆ ಹಲ್ಲು ಕೂರಿಸಿ ಬೆಳಕಿಗೆ ಹಿಡಿದರೆ ತಿಳಿಯುತ್ತದೆ. ಕಾಕನಿಗೂ ಹಾಗೇ ತೋರಿಸಿದೆ. ಅವರು ಡಬ್ಬಿಯಿಡೀ ಮೇಜಿಗೆ ಸುರಿದು ಒಂದೊಂದೇ ನೋಡಿದರು. ಅದು ನನಗೆ ತುಂಬಾ ಇಷ್ಟವಾಯಿತು.

ಉದ್ದ ಕೂಡ ಹಳೆಯದಕ್ಕೆ ಹೋಲಿಸಿಯೇ ತಂದೆ. ತಲೆ ಬಿಟ್ಟು ಅಳೆಯಬೇಕು. ಬೀಡು ಕಬ್ಬಿಣದ ಫ್ಲೈವೀಲಿನಲ್ಲಿ ಬೋಲ್ಟಿನ ದಪ್ಪದ ಒಂದೂವರೆಯಷ್ಟು, ಅಂದರೆ 12 ಎಂಎಂ, ಒಳಗೆ ಹೋದರೆ ಭದ್ರ. ಉದ್ದ ಜಾಸ್ತಿಯಾದರೆ ಹಿಂದೆ ಹೊರಬಂದು ಇಂಜಿನಿಗೆ ಉಜ್ಜಬಹುದು. ತೂತು ಮುಚ್ಚಿದ್ದಾದರೆ ತಳಕ್ಕೆ ಕುಟ್ಟುತ್ತದೆ. ಆಗ ಕೈಗೆ ಬಿಗಿ ಸಿಗುತ್ತದೆ, ಕವರ್ ಮಾತ್ರ ಸಡಿಲ.

ಸಂಜೆ ಜೋಡಿಸಿದೆವು. ಥ್ರೆಡ್ ಬ್ರಶ್ ಹಾಕಿ ಒರೆಸಿ, ಎಣ್ಣೆ ಮುಟ್ಟಿಸದೆ, ಆರನ್ನೂ ಮೊದಲು ಕೈಯಲ್ಲೇ ಹೊಗಿಸಿದೆವು. ಪ್ಲೇಟ್ ನಡುವಿಗೆ ಬರಲು ಹಳೇ ಶಾಫ್ಟಿನ ತುಂಡು ಇಟ್ಟೆವು. ಆಮೇಲೆ ಅರ್ಧರ್ಧ ಸುತ್ತು, ಒಂದರ ಎದುರಿನದು, ಮತ್ತೆ ಅದರ ಪಕ್ಕದ್ದರ ಎದುರಿನದು. ಕವರ್ ಸಮನಾಗಿ ಇಳಿಯುವುದನ್ನು ನೋಡುವುದೇ ಚಂದ. ಕೊನೆಗೆ ಬಿಗಿ ಅಳೆಯುವ ಟಾರ್ಕ್ ರೆಂಚ್. ಆರು ಸಲ ಟಿಕ್ ಅಂತು. ಅಷ್ಟರಲ್ಲಿ ಕರೆಂಟ್ ಹೋಯಿತು, ಗೇರ್ ಬಾಕ್ಸ್ ಇನ್ನು ಸೋಮವಾರ.

ಮನೆಗೆ ಫೋನ್ ಮಾಡಿದೆ.

"ಪ್ಲೇಟ್ ಹೊಸತು ಹಾಕ್ಬೇಕಾ?" ಅಪ್ಪ ಕೇಳಿದರು.

"ಬೇಡ ಅಪ್ಪ, ಬೋಲ್ಟ್ ಮಾತ್ರ. ಆರು."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆ ಹಾಳಾದದ್ದನ್ನು ಬಿಸಾಡ್ಬೇಡ, ಮನೆಗೆ ತಾ. ನಾನೂ ಒಮ್ಮೆ ನೋಡ್ಬೇಕು."