ಸವಾ ಒಂಬತ್ತು

ನಮ್ಮೂರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಐದನೇ ಕ್ಲಾಸಿನವರೆಗೆ ಒಟ್ಟು 32 ಮಕ್ಕಳು. 2024ರ ಸೆಪ್ಟೆಂಬರ್ ಕೊನೆಯ ವಾರ ಆ ಅಂಕಿ ನಮ್ಮ ಹೆಡ್‌ಮೇಷ್ಟ್ರ ನಿದ್ದೆ ಕೆಡಿಸಿತ್ತು. ಮಕ್ಕಳ ಸಂಖ್ಯೆ 30 ದಾಟಿದರೆ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಿಂದ ಶಾಲೆಗೆ ವರ್ಷಕ್ಕೆ 25,000 ರೂಪಾಯಿ ಅನುದಾನ. 30 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 10,000. ಲೆಕ್ಕ ಹಿಡಿಯೋದು ಸೆಪ್ಟೆಂಬರ್ 30ರ ಸಂಖ್ಯೆಯನ್ನ. ಆ ಶನಿವಾರ ತಾರೀಕು 28. ಅವತ್ತು ಬೆಳಗ್ಗೆಯೇ ಮೇಲಿನ ಬೀದಿಯವರೊಬ್ಬರು ಬಂದು, ದಸರಾ ರಜೆ ಮುಗಿದ ಮೇಲೆ ಮಕ್ಕಳಿಬ್ಬರನ್ನೂ ಟೌನಿನ ಕಾನ್ವೆಂಟಿಗೆ ಸೇರಿಸ್ತೀನಿ, ಟಿಸಿ ಕೊಡಿ ಅಂತ ಕೂತಿದ್ದರು.

32ರಲ್ಲಿ ಇಬ್ಬರು ಹೋದರೆ ಎಷ್ಟು ಅಂತ ಒಂದನೇ ಕ್ಲಾಸಿನ ಮಗೂಗೂ ಗೊತ್ತು.

‘ಅಧ್ಯಕ್ಷರೇ, ನೀವೇ ಸ್ವಲ್ಪ ಹೇಳಿ. ಸೋಮವಾರ ದಾಟಲಿ, ಮಂಗಳವಾರ ನಾನೇ ಮನೆ ಬಾಗಿಲಿಗೆ ತಂದ್ಕೊಡ್ತೀನಿ’ ಅಂತ ಮೇಷ್ಟ್ರು ನನ್ನ ಕಿವಿಯಲ್ಲಿ ಹೇಳಿದರು. ನಾನು ಹೇಳಿದೆ. ಆ ಮನುಷ್ಯ ಒಳ್ಳೆಯವನು, ‘ಆಯ್ತು ಬಿಡಿ, ಎರಡು ದಿನ ತಾನೆ’ ಅಂತ ಎದ್ದು ಹೋದ. ಆ ಮಕ್ಕಳು ಯಾಕೆ ಬಿಟ್ಟು ಹೋಗ್ತಿದಾವೆ ಅಂತ ನಾನು ಕೇಳಲಿಲ್ಲ. ಮೇಷ್ಟ್ರೂ ಕೇಳಲಿಲ್ಲ. ಹದಿನೈದು ಸಾವಿರ ಉಳೀತಲ್ಲ ಅಂತ ಇಬ್ಬರೂ ಒಂದೊಂದು ಲೋಟ ಟೀ ಕುಡಿದೆವು.

ಅಧ್ಯಕ್ಷ ಅಂದ ಕೂಡಲೇ ಏನೋ ಅಂದ್ಕೋಬೇಡಿ. ನಂದು ಹಿಟ್ಟಿನ ಗಿರಣಿ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ಆಯ್ಕೆ ನಡೆದ ದಿನ ನಾನು ಸಭೆಗೇ ಹೋಗಿರಲಿಲ್ಲ. ಬಂದವರಿಗೆ ಯಾರಿಗೂ ಬೇಡವಾಗಿತ್ತು, ಬರದವನ ಹೆಸರು ಹೇಳಿ ಕೈ ತೊಳ್ಕೊಂಡ್ರು. ಮೇಷ್ಟ್ರು ಒಂದು ಕೈಪಿಡಿ ಕೊಟ್ಟಿದ್ದರು. ಗಿರಣಿಯ ತೂಕದ ಯಂತ್ರ ಒಂದು ಕಡೆ ಓಲ್ತಿತ್ತು, ಅದರ ಅಡಿಗೆ ಇಟ್ಟವನು ಮರೆತೇಬಿಟ್ಟೆ. ಈಚೆಗೆ ತೆಗೆದು ಓದಿದ ಮೇಲೆ ಗೊತ್ತಾಯ್ತು: 2001ರಲ್ಲಿ ಸರ್ಕಾರಿ ಆದೇಶದಿಂದ ಶುರುವಾದ ಸಮಿತಿ ಇದು. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಕಾನೂನಿನ ಬಲವೂ ಸಿಕ್ಕಿದೆ. ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕು, ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಶಾಲೆ ಹೇಗೆ ನಡೀತಿದೆ, ಬಂದ ದುಡ್ಡು ಹೇಗೆ ಖರ್ಚಾಯ್ತು ಅಂತ ನೋಡಬೇಕು. ಮೂರು ವರ್ಷಕ್ಕೊಂದು ಅಭಿವೃದ್ಧಿ ಯೋಜನೆ ಬರೀಬೇಕು. ನಾನು ಅಲ್ಲಿವರೆಗೂ ಮಾಡಿದ್ದು ಒಂದೇ ಕೆಲಸ, ಮೇಷ್ಟ್ರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ.

ಹನ್ನೊಂದೂವರೆಗೆ ಸಭೆ. ಶನಿವಾರ ಬೆಳಗಿನ ಶಾಲೆ, ಮಕ್ಕಳು ಇನ್ನೇನು ಬಿಡೋ ಹೊತ್ತು. ಬಂದ ಸದಸ್ಯರು ಏಳು ಜನ. ಸಹಿ ಮಾತ್ರ ಹನ್ನೆರಡು ಬೀಳುತ್ತೆ, ಉಳಿದ ಐದು ಸೋಮವಾರ ಯಾವುದಾದರೂ ಹುಡುಗ ನಡಾವಳಿ ಪುಸ್ತಕ ಕಂಕುಳಲ್ಲಿ ಇಟ್ಕೊಂಡು ಮನೆಮನೆಗೆ ಹೋಗಿ ಹಾಕಿಸ್ಕೊಂಡು ಬರ್ತಾನೆ. ಇದು ಪದ್ಧತಿ.

ಮೊದಲ ವಿಷಯ ಮೊಟ್ಟೆ. ಆ ವಾರವಷ್ಟೇ, 25ನೇ ತಾರೀಕಿನಿಂದ, ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡೋದು ಶುರುವಾಗಿತ್ತು. ಅದಕ್ಕೆ ಮುಂಚೆ ಎರಡು ದಿನ. ಒಂದು ಮೊಟ್ಟೆಗೆ ಆಗ ಬರ್ತಿದ್ದದ್ದು ಆರು ರೂಪಾಯಿ. ಅಂಗಡಿಯಲ್ಲಿ ಅದಕ್ಕಿಂತ ಹೆಚ್ಚಾದ ದಿನ ಉಳಿದ ಚಿಲ್ಲರೆ ಯಾರ ಜೇಬಿಂದ? ಬೇಯಿಸೋಕೆ, ಸುಲಿಯೋಕೆ ಯಾರು? ಮೊಟ್ಟೆ ತಿನ್ನದ ಮಕ್ಕಳ ಬಾಳೆಹಣ್ಣು ಶನಿವಾರಕ್ಕೆ ಕಪ್ಪಾಗುತ್ತಲ್ಲ? ಇದರಲ್ಲೇ ಮುಕ್ಕಾಲು ಗಂಟೆ. ಅಡುಗೆಯವರು ಬಾಗಿಲಲ್ಲಿ ನಿಂತು ‘ಸುಲಿಯೋದು ನಾನೇ, ಬೈಸ್ಕೊಳ್ಳೋದೂ ನಾನೇ’ ಅಂತ ಎರಡು ಸಲ ಅಂದರು. ನನಗೆ ಇಂಥ ಚರ್ಚೆ ಇಷ್ಟ. ಗಿರಣಿಯವನಿಗೆ ಪೈಸೆ ಲೆಕ್ಕ ಬಿಟ್ಟರೆ ಇನ್ನೇನು ಬರುತ್ತೆ!

ಎರಡನೆಯದು ಹಿಂದಿನ ವರ್ಷದ 25,000ದ ಖರ್ಚು. ಇದರಲ್ಲಿ ಹತ್ತನೇ ಒಂದು ಭಾಗ ಸ್ವಚ್ಛತೆಗೇ ಹಾಕಬೇಕು ಅಂತ ನಿಯಮ ಇದೆ. ಫಿನಾಯಿಲು, ಪೊರಕೆ, ಟ್ಯಾಂಕಿನ ನಲ್ಲಿ ಅಲ್ಲಿಗೆ ಹೋದವು. ಉಳಿದದ್ದು ಸೀಮೆಸುಣ್ಣ, ರಿಜಿಸ್ಟರು, ಒಡೆದ ಹೆಂಚು, ಬಾಗಿಲಿನ ಚಿಲಕ, ಆಗಸ್ಟ್ 15ರ ಖರ್ಚು. ಆಮೇಲೆ ‘ಹೂವಿನ ಕುಂಡ, ಆರು’. ಯಾರೋ ಸಾಹೇಬ್ರು ಭೇಟಿಗೆ ಬರ್ತಾರೆ ಅಂತ ತಂದದ್ದು. ಸಾಹೇಬ್ರು ಬರಲಿಲ್ಲ, ಮೂರು ಕುಂಡ ಕ್ರಿಕೆಟ್ ಚೆಂಡಿಗೆ ಹೋದವು. ಈ ದುಡ್ಡಲ್ಲಿ ಅರಮನೆ ಕಟ್ಟೋಕಾಗಲ್ಲ ಅನ್ನೋದು ನಿಜ. 2022ರ ಅಕ್ಟೋಬರಿನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ತಗೋಬಹುದು ಅಂತ ಇಲಾಖೆಯಿಂದ ಸುತ್ತೋಲೆ ಬಂದು, ಗಲಾಟೆಯಾಗಿ, ಕೆಲವೇ ದಿನದಲ್ಲಿ ವಾಪಸ್ ಹೋಗಿತ್ತಲ್ಲ, ಅದನ್ನ ಯಾರೋ ನೆನಪಿಸಿದರು. ಎಲ್ಲರೂ ನಕ್ಕರು.

ಮೂರನೆಯದು ‘ಮಕ್ಕಳ ಕಲಿಕಾ ಪ್ರಗತಿ’. ಮೇಷ್ಟ್ರು ಅಂಕಪಟ್ಟಿಯ ಹಾಳೆ ತಿರುವಿ, ‘ಎಲ್ಲಾ ಎ, ಬಿ ಪ್ಲಸ್ಸು. ತೃಪ್ತಿಕರವಾಗಿದೆ’ ಅಂದರು. ಅರ್ಧ ನಿಮಿಷವೂ ಆಗಲಿಲ್ಲ. ನಡಾವಳಿ ಪುಸ್ತಕ ನನ್ನ ಮುಂದಕ್ಕೆ ಬಂತು. ಅವರು ಜಾಣರು, ಸಭೆಗೆ ಮುಂಚೆಯೇ ಎಲ್ಲ ಬರೆದಿಟ್ಟಿದ್ದರು. ನಾನು ಸಹಿ ಹಾಕಿ ಪಕ್ಕದವರಿಗೆ ದಾಟಿಸಿದೆ. ಪುಸ್ತಕ ಸುತ್ತು ಹೊಡೆದು ಕೊನೆಗೆ ಮೂಲೆಯಲ್ಲಿ ಕೂತಿದ್ದ ಹೆಣ್ಣುಮಗಳ ಹತ್ತಿರ ಹೋಯ್ತು. ಆಯಮ್ಮ ಹೆಬ್ಬೆಟ್ಟು. ಮೇಷ್ಟ್ರು ಇಂಕಿನ ಪ್ಯಾಡ್ ತೆರೆದು ಹಿಡಿದರು.

‘ಏನ್ ಬರ್ದಿದೀರ ಇದ್ರಾಗೆ?’

‘ಈಗ ಮಾತಾಡಿದ್ದೇ ಕಣಮ್ಮ.’

‘ಓದ್ಬುಡಿ ಒಂದ್ಕಿತ. ಅರ್ಧ ಕೂಲಿ ಬಿಟ್ಟು ಬಂದಿವ್ನಿ, ಕೇಳ್ಕೊಂಡೇ ಒತ್ತೀನಿ.’

ಮೇಷ್ಟ್ರು ಕನ್ನಡಕ ಹುಡುಕೋದರಲ್ಲಿ ಆಯಮ್ಮನಿಗೆ ಬೇರೇನೋ ಹೊಳೀತು. ‘ಬ್ಯಾಡ ಬುಡಿ, ನನ್ ಮಗನ್ನೇ ಕರೀರಿ. ನಾಲ್ಕನೇ ಕ್ಲಾಸಲ್ವಾ, ಅವ್ನೇ ಓದ್ಲಿ.’

ಹುಡುಗ ಬಂದ. ಚಡ್ಡಿಗೆ ಕೈ ಒರೆಸಿಕೊಂಡು ಪುಸ್ತಕ ಹಿಡ್ಕೊಂಡ. ‘ಈ... ದಿನ... ಸ... ಭೆ...’ ಒಂದೊಂದೇ ಅಕ್ಷರ, ಬಾವಿಯಿಂದ ಕೊಡ ಎಳೆದಂಗೆ. ಒತ್ತಕ್ಷರ ಬಂದ ಕಡೆಯೆಲ್ಲ ನಿಂತು ಗೋಡೆ ನೋಡೋನು. ಕೊನೇ ಸಾಲಿಗೆ ಮೇಷ್ಟ್ರು ಹಳೇ ಕಾಲದ ದುಂಡು ಅಕ್ಷರದಲ್ಲಿ ‘ಸವಾ೯ನುಮತದಿಂದ ಅಂಗೀಕರಿಸಲಾಯಿತು’ ಅಂತ ಬರೆದಿದ್ದರು. ಅರ್ಕಾವತ್ತು ನೋಡೋಕೆ ಥೇಟ್ ಕನ್ನಡ ಒಂಬತ್ತು. ಹುಡುಗನ ಮುಖ ಅರಳಿತು, ಗೊತ್ತಿರೋದು ಸಿಕ್ಕಿತ್ತಲ್ಲ. ಜೋರಾಗಿ ಓದಿದ:

‘ಸವಾ... ಒಂಬತ್ತು... ನುಮತದಿಂದ.’

ಕೋಣೆಯೆಲ್ಲ ನಗು. ಹುಬ್ಬಳ್ಳಿ ಕಡೆ ಲಾರಿ ಓಡಿಸಿ ಬಂದ ಸದಸ್ಯರೊಬ್ಬರು, ‘ಆ ಕಡೆ ಸವಾ ಒಂಬತ್ತು ಅಂದ್ರೆ ಒಂಬತ್ತೂಕಾಲು ಕಣಪ್ಪ, ಹುಡುಗ ಸಭೆ ಟೈಮ್ ಹೇಳ್ತಾವ್ನೆ’ ಅಂದರು. ನಾನೂ ನಕ್ಕೆ. ನಗದೇ ಇದ್ದವರು ಇಬ್ಬರೇ. ಒಬ್ಬಳು ಆ ತಾಯಿ. ಇನ್ನೊಬ್ಬರು ಟೀಚರ್. ಅವರು ಬಾಗಿಲ ಬಳಿಯಿಂದಲೇ, ‘ಅವನದೇನು ತಪ್ಪು ಸಾರ್? ಒಂಬತ್ತು ಬರೆದಿದೀರಿ, ಒಂಬತ್ತು ಓದಿದಾನೆ’ ಅಂದರು.

‘ಎ, ಬಿ ಪ್ಲಸ್ಸು ಅಂದ್ರಲ್ಲ ಮೇಷ್ಟ್ರೆ, ಇವ್ನು ಯಾವ್ದು?’ ತಾಯಿ ಕೇಳಿದಳು.

ಪಟ್ಟಿಯಲ್ಲಿ ಬಿ ಪ್ಲಸ್ ಇತ್ತು.

ಆಮೇಲೆ ಟೀಚರ್ ನಾಲ್ಕು ಮತ್ತು ಐದನೇ ಕ್ಲಾಸಿನ ಮಕ್ಕಳನ್ನ ಒಬ್ಬೊಬ್ಬರನ್ನಾಗಿ ಕರೆದು ಅದೇ ಪುಟ ಕೊಟ್ಟರು. ಹದಿಮೂರು ಮಕ್ಕಳು. ತಡವರಿಸದೆ ಓದಿದವರು ಐದು. ನನ್ನ ಮಗಳೂ ನಾಲ್ಕನೇ ಕ್ಲಾಸು. ಅವಳ ಸರದಿ ಬಂದಾಗ ನನ್ನ ಅಂಗೈ ಒದ್ದೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಅವಳು ಪಟಪಟ ಓದಿಬಿಟ್ಟಳು, ಸರ್ವಾನುಮತವನ್ನೂ. ಎದೆ ಉಬ್ಬಿ ಬಂತು. ಟೀಚರ್ ಕೇಳಿದರು, ‘ಹಾಗಂದ್ರೇನು?’

‘ಎಲ್ರೂ ಸುಮ್ನೆ ಸೈನ್ ಹಾಕೋದು ಮಿಸ್.’

ಈ ಸಲ ಯಾರೂ ನಗಲಿಲ್ಲ. ಮನೆಗೆ ಪುಸ್ತಕ ಬಂದಾಗಲೆಲ್ಲ ನಾನು ಮಾಡೋದನ್ನ ಅವಳು ನೋಡಿದ್ದಳು.

ಮೇಷ್ಟ್ರನ್ನ ಬೈಯೋಕೆ ನನಗೆ ಮನಸ್ಸು ಬರಲ್ಲ. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಸಾಕು ಅಂತ ಕಾಯ್ದೆಯೇ ಹೇಳುತ್ತೆ. 32 ಮಕ್ಕಳಿಗೆ ಇಬ್ಬರು ಅಂದರೆ ಕಾಗದದ ಮೇಲೆ ಸ್ವರ್ಗ. ಆದರೆ ಕ್ಲಾಸು ಐದಲ್ಲವಾ! ಒಂದರಿಂದ ಮೂರರವರೆಗೆ ನಲಿ-ಕಲಿ, ಅಂದರೆ ಮೂರೂ ಕ್ಲಾಸು ಒಟ್ಟಿಗೆ ಕೂತು ಕಾರ್ಡು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಕಲಿಯೋ ಪದ್ಧತಿ. ಅದಕ್ಕೆ ಒಂದು ಕೋಣೆ, ಅದು ಟೀಚರ್‌ದು. ನಾಲ್ಕು, ಐದು ಮೇಷ್ಟ್ರದು. ಅವರಿಗೋ ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಆನ್‌ಲೈನ್ ಎಂಟ್ರಿ, ಮೀಟಿಂಗು, ತರಬೇತಿ. ಏಪ್ರಿಲ್‌ನಲ್ಲಿ ಚುನಾವಣೆ ಡ್ಯೂಟಿ ಬೇರೆ ಮುಗಿಸಿದ್ದರು. ಮೇಷ್ಟ್ರು ಮೀಟಿಂಗಿಗೆ ಹೋದ ದಿನ ಐದೂ ಕ್ಲಾಸು ಒಂದೇ ಕೋಣೆಯಲ್ಲಿ.

ಇನ್ನೂ ಒಂದು ಮಾತು ಟೀಚರ್ ಹೇಳಿದರು, ನಾವ್ಯಾರೂ ಯೋಚಿಸಿರಲಿಲ್ಲ. ಈ ನಾಲ್ಕನೇ ಕ್ಲಾಸಿನ ಮಕ್ಕಳು ಒಂದನೇ ಕ್ಲಾಸಿಗೆ ಸೇರಿದ್ದು 2021ರಲ್ಲಿ. ಕೊರೊನಾದಿಂದ ಮುಚ್ಚಿದ್ದ ಒಂದರಿಂದ ಐದನೇ ಕ್ಲಾಸು ತೆರೆದದ್ದು ಆ ವರ್ಷದ ಅಕ್ಟೋಬರ್ 25ಕ್ಕೆ. ಅಂದರೆ ಅ ಆ ಇ ಈ ಕಲಿಯಬೇಕಾದ ಮೊದಲ ನಾಲ್ಕೈದು ತಿಂಗಳು ಇವು ಶಾಲೆಯ ಬಾಗಿಲನ್ನೇ ನೋಡಿಲ್ಲ. ಅಂಗನವಾಡಿಯೂ ಇಲ್ಲ. ನಲಿ-ಕಲಿ ಕಾರ್ಡಿನ ಕೆಳಗಿನ ಮೆಟ್ಟಿಲು ಹತ್ತದೇ ಮೇಲಿನ ಮೆಟ್ಟಿಲಿಗೆ ಬಂದಿವೆ. ‘ಇದನ್ನ ಪಟ್ಟಿಯಲ್ಲಿ ಬರೆಯೋಕೆ ಕಾಲಂ ಇಲ್ಲ’ ಅಂದರು.

ಆಗ ಆ ಮೇಲಿನ ಬೀದಿಯವರು ನನಗೆ ನೆನಪಾದರು. ಅವರ ದೊಡ್ಡ ಮಗನೂ ನಾಲ್ಕನೇ ಕ್ಲಾಸು. ಮಧ್ಯಾಹ್ನವೇ ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟರು. ಯಾಕಣ್ಣ ಬಿಡಿಸ್ತಿದೀರಿ ಅಂದೆ. ‘ವ್ಯಾನು, ಟೈ, ಇಂಗ್ಲಿಷು ಅಂತ ಅಲ್ಲ ಕಣಪ್ಪ. ಅವ್ರಜ್ಜನ ಕಾಗ್ದ ಓದೋ ಅಂದ್ರೆ ಬರಾಕಿಲ್ಲ ಅಂದ. ಅದ್ಕೆ’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಳಗ್ಗೆಯೇ ಕೇಳಿದ್ದಿದ್ದರೆ ಆಗಲೂ ಇರ್ತಿರಲಿಲ್ಲ, ಅದು ಬೇರೆ ಮಾತು. ಮಂಗಳವಾರ ಮೇಷ್ಟ್ರು ಕೊಟ್ಟ ಮಾತಿನಂತೆ ಟಿಸಿ ತಲುಪಿಸಿದರು. ಅನುದಾನದ ಲೆಕ್ಕದಲ್ಲಿ 32 ಹಾಗೇ ಉಳೀತು. ಬೆಂಚಿನ ಮೇಲೆ 30.

ಅವತ್ತಿನ ನಡಾವಳಿಯಲ್ಲಿ ಎರಡು ಸಾಲು ಹೆಚ್ಚಾಗಿ ಬರೆದೆವು. ನಾಲ್ಕು, ಐದರ ಮಕ್ಕಳಿಗೆ ಪ್ರಾರ್ಥನೆ ಮುಗಿದ ಮೇಲೆ ಅರ್ಧ ಗಂಟೆ ಬರೀ ಓದು, ಮೇಷ್ಟ್ರು ಇಲ್ಲದ ದಿನ ಪಿಯುಸಿ ಮುಗಿಸಿ ಮನೆಯಲ್ಲಿರೋ ನಮ್ಮ ಗಿರಣಿ ಪಕ್ಕದ ಹುಡುಗಿ ಬಂದು ಓದಿಸೋದು. ಮತ್ತೆ, ಪ್ರತಿ ಸಭೆಯ ನಡಾವಳಿಯನ್ನ ಸಹಿಗೆ ಮುಂಚೆ ಒಬ್ಬ ವಿದ್ಯಾರ್ಥಿ ಎಲ್ಲರ ಮುಂದೆ ಓದೋದು. ಎರಡನೆಯದು ಆಯಮ್ಮನ ಹಟ. ಹುಡುಗಿ ವಾರಕ್ಕೆ ಎರಡು ದಿನ ಬಂದರೆ ಹೆಚ್ಚು, ಅದೂ ನಿಜವೇ.

ನವೆಂಬರ್ ಸಭೆಗೆ ಮೇಷ್ಟ್ರು ಪುಸ್ತಕ ತಂದಾಗ ಅಕ್ಷರ ದಪ್ಪ, ಬಿಡಿಬಿಡಿ. ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಇದ್ದ ಜಾಗದಲ್ಲಿ ‘ಎಲ್ಲರೂ ಒಪ್ಪಿದರು’ ಅಂತ ಬಂದಿತ್ತು. ಓದೋಕೆ ಬಂದವನು ಅದೇ ಹುಡುಗ. ಎರಡು ಕಡೆ ನಿಂತ, ಒತ್ತಕ್ಷರಕ್ಕೆ ಟೀಚರ್ ಕಡೆ ನೋಡಿದ, ಆದರೂ ತಳ ಮುಟ್ಟಿದ. ‘ಒಡೆದ ಹೂ... ಕುಂಡಗಳ ಬದಲಿಗೆ ಹೊಸ ಕುಂಡ ಮೂರು ಖರೀದಿಸಲು ಎಲ್ಲರೂ ಒಪ್ಪಿದರು.’

ಮೂಲೆಯಿಂದ ದನಿ ಬಂತು. ‘ನಾನ್ ಯಾವಾಗ ಒಪ್ದೆ?’

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು ಆ ಸಾಲಿಗೆ ಗೀಟು ಹಾಕಿದರು.