ವ್ಯತ್ಯಾಸ ಇದೆ, ಸರಿ. ಯಾವುದರ ಎದುರಿಗೆ?

ಲ್ಯಾಬಿಗೆ ಹೊಸದಾಗಿ ಸೇರಿದವರು ಮೊದಲ ಸಲ ಆರ್‌ಎನ್‌ಎ ಸೀಕ್ವೆನ್ಸಿಂಗ್ (ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯುವ ಪರೀಕ್ಷೆ) ಮುಗಿಸಿದಾಗ ಉದ್ದನೆಯ ಪಟ್ಟಿ ಹಿಡಿದು ಬರುತ್ತಾರೆ. "ಮೇಡಂ, ಕುಲಾಂತರಿ ಗಿಡದಲ್ಲಿ ಇಷ್ಟೊಂದು ಜೀನ್ ಏರುಪೇರಾಗಿವೆ!" ನಾನು ಕೇಳುವುದು ಒಂದೇ: "ಯಾವ ಗಿಡದ ಎದುರಿಗೆ ಇಟ್ಟು ನೋಡಿದ್ರಿ?"

ಬೆಳೆಗೆ ಹೊಸ ಜೀನ್ ಸೇರಿಸಿದಾಗ ಬೇಕಾದ ಗುಣದ ಜೊತೆ ಬೇಡದ್ದೂ ಏನಾದರೂ ಬಂದಿದೆಯಾ ಎಂದು ಹುಡುಕುವುದು ನನ್ನ ಕೆಲಸ. ಆಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಮೂಲಕ ಗಿಡದೊಳಗೆ ಕಳಿಸಿದ ಜೀನ್ ಕ್ರೋಮೋಸೋಮಿನಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎನ್ನುವುದು ನಮ್ಮ ಕೈಯಲ್ಲಿಲ್ಲ. ಹಾಗಾಗಿ ಪಟ್ಟಿಗಿಂತ ಮೊದಲು ಜಾಗ ನೋಡಬೇಕು.

ಇದಕ್ಕೆ ನಾನು ಯಾವಾಗಲೂ ಹೇಳುವ ಉದಾಹರಣೆ ಗೋಲ್ಡನ್ ರೈಸ್, ಅಂದರೆ ಕಾಳಿನಲ್ಲಿ ಕೆರೊಟಿನಾಯ್ಡ್ ಎಂಬ ಹಳದಿ ಬಣ್ಣದ ಪೋಷಕಾಂಶ ಬರುವಂತೆ ಮಾಡಿದ ಕುಲಾಂತರಿ ಭತ್ತ. ಅದರ ಜಿಆರ್2-ಆರ್1 ಎಂಬ ಈವೆಂಟನ್ನು (ಹೊಸ ಜೀನ್ ಒಂದು ನಿರ್ದಿಷ್ಟ ಜಾಗದಲ್ಲಿ ಕೂತ ಒಂದೊಂದು ಮೂಲ ಗಿಡಕ್ಕೂ ಹೀಗೆ ಈವೆಂಟ್ ಎನ್ನುತ್ತೇವೆ) ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ನಮ್ಮ ಸ್ವರ್ಣ ಭತ್ತಕ್ಕೆ ಬ್ಯಾಕ್‌ಕ್ರಾಸ್ ಮಾಡಿ, ಅಂದರೆ ಸ್ವರ್ಣದ ಜೊತೆ ಮತ್ತೆ ಮತ್ತೆ ಕ್ರಾಸ್ ಮಾಡಿ, ತಂದರು. ಕಾಳಿನಲ್ಲಿ ಕೆರೊಟಿನಾಯ್ಡ್ ಬಂತು. ಆದರೆ ಗಿಡ ಕುಳ್ಳಗಾಯಿತು, ಎಲೆ ಬಿಳಿಚಿಕೊಂಡಿತು, ಇಳುವರಿ ಬಿತ್ತು. ಹುಡುಕಿದರೆ, ಹೊಸ ಜೀನ್ ಹೋಗಿ ಕೂತಿದ್ದು ಆಕ್ಸಿನ್ ಹಾರ್ಮೋನನ್ನು ಸಾಗಿಸುವ ಓಎಸ್‌ಆಕ್ಸ್1 ಎಂಬ ಭತ್ತದ ಸ್ವಂತ ಜೀನಿನ ಒಳಗೇ! 2017ರಲ್ಲಿ ಇದು ಪ್ರಕಟವಾಯಿತು. ಸೇರಿಸಿದ ಜೀನ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು, ಕೂತ ಜಾಗ ಕೆಟ್ಟದಿತ್ತು, ಅಷ್ಟೇ. ಫಿಲಿಪ್ಪೀನ್ಸ್ 2021ರಲ್ಲಿ ಬೆಳೆಯಲು ಒಪ್ಪಿಗೆ ಕೊಟ್ಟಿದ್ದು ಜಿಆರ್2ಇ ಎಂಬ ಬೇರೆ ಈವೆಂಟಿಗೆ.

ಈಗ ಪಟ್ಟಿಗೆ ಬರೋಣ. 30,000 ಜೀನುಗಳನ್ನು ಒಂದೊಂದಾಗಿ 0.05 ಮಟ್ಟದಲ್ಲಿ (ಅಂದರೆ ನೂರಕ್ಕೆ ಐದು ಸಲ ಸುಳ್ಳು ವ್ಯತ್ಯಾಸ ಕಂಡರೂ ಸರಿ ಎಂದು) ಪರೀಕ್ಷಿಸಿದರೆ, ಏನೂ ಬದಲಾಗದಿದ್ದರೂ 1,500ರಷ್ಟು 'ವ್ಯತ್ಯಾಸ' ಸುಮ್ನೆ ಸಿಗುತ್ತದೆ. ಇದನ್ನು ಸಾಫ್ಟ್‌ವೇರ್ ಸರಿಪಡಿಸುತ್ತದೆ ಬಿಡಿ. ಹೋಲಿಕೆಗೆ ಇಟ್ಟ ಗಿಡವೇ ತಪ್ಪಿದ್ದರೆ ಅದನ್ನು ಯಾವ ಸಾಫ್ಟ್‌ವೇರೂ ಸರಿಪಡಿಸಲ್ಲ. ಒಂದರ ಎಲೆ ಬೆಳಿಗ್ಗೆ ಕಿತ್ತು ಇನ್ನೊಂದರದ್ದು ಮಧ್ಯಾಹ್ನ ಕಿತ್ತರೂ ಪಟ್ಟಿ ಉದ್ದವಾಗುತ್ತದೆ. ಟಿಶ್ಯೂ ಕಲ್ಚರ್‌ನಿಂದ (ಲ್ಯಾಬಿನಲ್ಲಿ ಗಿಡದ ತುಣುಕಿನಿಂದ ಬೆಳೆಸಿ) ಬಂದ ಕುಲಾಂತರಿ ಗಿಡವನ್ನು ನೇರ ಬೀಜದ ಗಿಡದ ಪಕ್ಕ ಇಟ್ಟರೆ, ಕಲ್ಚರ್ ಮಾಡಿದ ಬದಲಾವಣೆಯನ್ನೂ ಜೀನಿನ ತಲೆಗೆ ಕಟ್ಟುತ್ತೀರಿ.

2008ರಲ್ಲಿ ಪೋರ್ಚುಗಲ್‌ನ ತಂಡವೊಂದು ಭತ್ತದಲ್ಲಿ ಕುಲಾಂತರಿ ತಳಿಗಳನ್ನೂ, ಜೀನ್ ಬದಲಾಗಲೆಂದು ಗಾಮಾ ಕಿರಣ ಹಾಯಿಸಿದ ತಳಿಗಳನ್ನೂ ನೋಡಿತು. ಜಾಸ್ತಿ ಏರುಪೇರು ಕಂಡಿದ್ದು ಕಿರಣ ಹಾಯಿಸಿದವುಗಳಲ್ಲಿ. ಅವನ್ನು ಯಾರೂ ಇಷ್ಟು ಕೆದಕಿ ನೋಡಲ್ಲ, ಅಲ್ವಾ? ದಕ್ಷಿಣ ಆಫ್ರಿಕಾದ ಮೆಕ್ಕೆಜೋಳದಲ್ಲಿ ವರ್ಷದಿಂದ ವರ್ಷಕ್ಕೆ ಬದಲಾಗುವ ಹವಾಮಾನದ ಪ್ರಭಾವವೇ ಹೊಸ ಜೀನಿನದ್ದಕ್ಕಿಂತ ದೊಡ್ಡದಿತ್ತು. ಯುರೋಪಿನ ನಿಯಮದಲ್ಲಿ ಕನಿಷ್ಠ 8 ಜಾಗ, ಕನಿಷ್ಠ 6 ಮಾಮೂಲಿ ತಳಿ ಇಟ್ಟು ಬೆಳೆಸಬೇಕು ಎಂದಿರುವುದು ಇದಕ್ಕೇ.

ಹಾಗಂತ 'ಎಲ್ಲಾ ಹವಾಮಾನದ ಆಟ' ಎಂದು ಕೈ ತೊಳೆದುಕೊಳ್ಳುವವರ ಜೊತೆಗೂ ನಾನಿಲ್ಲ. ಆಸ್ಟ್ರೇಲಿಯಾದಲ್ಲಿ ಬೀನ್ಸಿನ ಒಂದು ಪ್ರೋಟೀನನ್ನು ಬಟಾಣಿಗೆ ತಂದಿದ್ದರು. ಜೀನ್ ಬದಲಾಗಿರಲಿಲ್ಲ. ಆದರೆ ಬಟಾಣಿ ಆ ಪ್ರೋಟೀನಿಗೆ ಸಕ್ಕರೆ ಅಂಟಿಸುವ ರೀತಿ ಬೇರೆ ಇತ್ತು. ಇಲಿಗಳ ರೋಗನಿರೋಧಕ ವ್ಯವಸ್ಥೆ ಅದಕ್ಕೆ ಪ್ರತಿಕ್ರಿಯಿಸಿತು ಎಂದು 2005ರಲ್ಲಿ ವರದಿಯಾಗಿ ಯೋಜನೆ ನಿಂತಿತು. 2013ರ ಇನ್ನೊಂದು ಅಧ್ಯಯನದಲ್ಲಿ ಮೂಲ ಬೀನ್ಸಿನ ಪ್ರೋಟೀನಿಗೂ ಇಲಿಗಳು ಹಾಗೇ ಮಾಡಿದವು. ಅಲ್ಲೂ ಹೋಲಿಕೆಯದ್ದೇ ಪ್ರಶ್ನೆ ನೋಡಿ. ಅದೇನೇ ಇರಲಿ, ಆ ಸಕ್ಕರೆಯ ವ್ಯತ್ಯಾಸ ಆರ್‌ಎನ್‌ಎ ಪಟ್ಟಿಯಲ್ಲಿ ಕಾಣುತ್ತಲೇ ಇರಲಿಲ್ಲ. ಪ್ರೋಟೀನನ್ನೇ ಹೊರತೆಗೆದು ನೋಡಬೇಕಿತ್ತು.

ಆದ್ದರಿಂದ ನಮ್ಮ ತಂಡದಲ್ಲಿ ಈಗ ಬಿತ್ತನೆಗೆ ಮುಂಚೆಯೇ ಹೊಲದ ನಕ್ಷೆ ತರಿಸಿಕೊಳ್ಳುತ್ತೇವೆ. ಅದೇ ಕ್ರಾಸಿನಲ್ಲಿ ಹುಟ್ಟಿ ಹೊಸ ಜೀನ್ ಬಾರದ ಸೋದರ ಗಿಡಗಳ ಸಾಲು ಅದರಲ್ಲಿ ಇಲ್ಲದಿದ್ದರೆ, ಎಲೆ ಸ್ಯಾಂಪಲ್ ಕಳಿಸುವುದೇ ಬೇಡ ಎನ್ನುತ್ತೇವೆ.